ಹಳೆಯ ಕಂಪ್ಯೂಟರಿನ ಬಿಲ್ಲೆ ಸೆಲ್ಲು ಎಷ್ಟು ವರ್ಷ ಬರುತ್ತದೆ?

ಧಾರವಾಡದ ನಿವೃತ್ತ ಶಿಕ್ಷಕ: ನಮಸ್ಕಾರ ಸರ್. 2009ರಲ್ಲಿ ಕೊಂಡ ಕಂಪ್ಯೂಟರು. ದಿನವೂ ಬೆಳಿಗ್ಗೆ 2009ರ ಜನವರಿ 1 ಎಂದು ತೋರಿಸುತ್ತದೆ. ಎಫ್1 ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಆದರೆ ಬ್ಯಾಂಕಿನ ಪುಟ ತೆರೆಯುವುದಿಲ್ಲ. ವೈರಸ್ಸೇ?

ಹುಬ್ಬಳ್ಳಿಯ ರಿಪೇರಿಯವರು: ವೈರಸ್ ಅಲ್ಲ ಸರ್, ಮದರ್‌ಬೋರ್ಡಿನಲ್ಲಿ, ಅಂದರೆ ಒಳಗಿನ ಮುಖ್ಯ ಹಲಗೆಯಲ್ಲಿ, ಗಡಿಯಾರ ನಡೆಸುವ ಸೆಲ್ಲು ಮುಗಿದಿದೆ. ಬ್ಯಾಂಕಿನ ಪುಟದ ಭದ್ರತಾ ಪ್ರಮಾಣಪತ್ರಕ್ಕೆ ಶುರುವಾದ ದಿನವೂ ಮುಗಿಯುವ ದಿನವೂ ಇರುತ್ತವೆ. 2009ರಲ್ಲೇ ನಿಂತ ಯಂತ್ರದ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ಲು ಹಾಕಿಸಿ. ಮೂರರಿಂದ ಐದು ವರ್ಷ ಬರುತ್ತದೆ, ಕೆಲವು ಹತ್ತು ವರ್ಷವೂ ಬಂದಿವೆ. ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸುತ್ತೀರಲ್ಲವೇ? ಸ್ವಿಚ್ ಹಾಕಿದ್ದರೆ, ಕಂಪ್ಯೂಟರು ಆರಿಸಿದ್ದರೂ ಗಡಿಯಾರ ಕರೆಂಟಿನ ಮೇಲೆ ಓಡುತ್ತದೆ. ಸ್ವಿಚ್ ತೆಗೆದರೆ ಸೆಲ್ಲೊಂದೇ ಗತಿ. ಹಾಗಾಗಿ ಬಳಸದೆ ಮೂಲೆಯಲ್ಲಿಟ್ಟ ಯಂತ್ರದ ಸೆಲ್ಲೇ ಬೇಗ ಸಾಯುತ್ತದೆ.

ಹಾವೇರಿಯ ಝೆರಾಕ್ಸ್ ಅಂಗಡಿ: ಸರ್, ನಮ್ಮದರಲ್ಲಿಯೂ ದಿನಾಂಕ ಹಿಂದಕ್ಕೆ ಹೋಗುತ್ತಿದೆ. ಏನು ಮಾಡಬೇಕು?

ರಿಪೇರಿಯವರು: ಸೆಲ್ಲು ಬದಲಿಸಿ.

ಬ್ಯಾಡಗಿಯ ದಲಾಲಿ ಅಂಗಡಿ: ಲ್ಯಾಪ್‌ಟಾಪಿನಲ್ಲಿಯೂ ಈ ಸೆಲ್ಲು ಇರುತ್ತದೆಯೇ? ನಮ್ಮದರೊಳಗೆ ಮೆಣಸಿನಕಾಯಿ ಧೂಳು ಬೇರೆ ತುಂಬಿದೆ.

ಬೆಟಗೇರಿಯ ನೇಕಾರರ ಮನೆ: ಅಣ್ಣಾವರೇ, ತಂದೆಯವರ 486 ಪ್ರೊಸೆಸರಿನ ಹಳೆಯ ಕಂಪ್ಯೂಟರು ಅಟ್ಟದ ಮೇಲಿತ್ತು. ಸೀರೆ ಸೆರಗಿನ ನಕ್ಷೆಗಳನ್ನು ಅದರಲ್ಲೇ ಇಟ್ಟಿದ್ದರು. ಮುಚ್ಚಳ ಬಿಚ್ಚಿದೆ. ಬಿಲ್ಲೆ ಎಲ್ಲಿಯೂ ಇಲ್ಲ, ಕೀಬೋರ್ಡ್ ಸಿಕ್ಕಿಸುವ ಕಡೆ ನೀಲಿ ಬಣ್ಣದ ಪೀಪಾಯಿಯಂಥದ್ದು ಒಂದಿದೆ. ಅದರ ಸುತ್ತ ಹಸಿರು ಪುಡಿ. ಕರೆಂಟ್ ಕೊಟ್ಟು ನೋಡಲೇ?

ರಿಪೇರಿಯವರು: ಕೊಡಬೇಡಿ. ಪ್ಲಗ್ಗನ್ನೇ ದೂರ ಇಡಿ. ಅದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ಮೂರು ಸೆಲ್ಲುಗಳ ಕಟ್ಟು. 386, 486 ಕಾಲದ ಬೋರ್ಡುಗಳಲ್ಲಿ ಅದೇ ಇರುತ್ತಿತ್ತು. ಬಿಲ್ಲೆ ಸೆಲ್ಲು ಸತ್ತರೆ ಸಾಮಾನ್ಯವಾಗಿ ತೆಪ್ಪಗೆ ಸಾಯುತ್ತದೆ. ಈ ಪೀಪಾಯಿ ಸತ್ತ ಮೇಲೆ ಸೋರುತ್ತದೆ. ಸೋರುವುದು ಕ್ಷಾರ, ಬೋರ್ಡಿನ ತಾಮ್ರದ ಗೆರೆಗಳನ್ನು ವರ್ಷಗಟ್ಟಲೆ ಮೆಲ್ಲಗೆ ತಿನ್ನುತ್ತ ಹೋಗುತ್ತದೆ. ಮೊದಲು ಹೋಗುವುದು ಪಕ್ಕದಲ್ಲಿರುವ ಕೀಬೋರ್ಡ್ ಚಿಪ್ಪಿನ ಗೆರೆಗಳು.

ಕೈಗವಸು ಹಾಕಿಕೊಂಡು ಬ್ಯಾಟರಿಯ ಕಾಲುಗಳನ್ನು ಕತ್ತರಿಸಿ ತೆಗೆಯಿರಿ. ಪುಡಿ ಇರುವ ಜಾಗಕ್ಕೆ ಮಾತ್ರ ಬಿಳಿ ವಿನೆಗರ್ ಅಥವಾ ನಿಂಬೆರಸವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿ. ನೊರೆ ನಿಂತ ಮೇಲೆ ಡಿಸ್ಟಿಲ್ಡ್ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಿಸಿ. ಆ ಜಾಗದಲ್ಲಿ ಬಿಲ್ಲೆ ಸೆಲ್ಲು ಬೆಸೆಯಬೇಡಿ. ಆ ಬೋರ್ಡು ತನ್ನ ಬ್ಯಾಟರಿಯನ್ನು ತಾನೇ ಚಾರ್ಜ್ ಮಾಡುತ್ತದೆ. ಬಿಲ್ಲೆಯನ್ನು ಚಾರ್ಜ್ ಮಾಡಿದರೆ ಸಿಡಿಯಬಹುದು.

ನಕ್ಷೆಗಳು ಬ್ಯಾಟರಿಯಲ್ಲಿಲ್ಲ, ಹಾರ್ಡ್‌ಡಿಸ್ಕಿನಲ್ಲಿವೆ. ಡಿಸ್ಕು ಎಂಥದ್ದು ಎಂಬುದನ್ನಷ್ಟೇ ಬೋರ್ಡು ಮರೆತಿರುತ್ತದೆ. ಡಿಸ್ಕಿನ ಚೀಟಿಯ ಮೇಲೆ ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮೂರು ಸಂಖ್ಯೆಗಳಿರುತ್ತವೆ. ಫೋಟೊ ತೆಗೆದು ಕಳಿಸಿ.

ಗದಗಿನ ಸದಸ್ಯ: ನನಗೊಂದು ಸಂದೇಶ ಬಂದಿದೆ: “ಸೆಲ್ಲನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಬಿಸಿಲಿಗಿಟ್ಟರೆ ಒಂದು ವರ್ಷ ಹೆಚ್ಚು ಬರುತ್ತದೆ.” ನಿಜವೇ?

ರಿಪೇರಿಯವರು: ಸುಳ್ಳು. ಈ ತಿಂಗಳು ಇದನ್ನು ನನಗೆ ಕಳಿಸಿದವರಲ್ಲಿ ನೀವು ನಾಲ್ಕನೆಯವರು.

ಶಿಕ್ಷಕ: ಹಾಗೆ ತಳ್ಳಿಹಾಕಬೇಡಿ. ಟ್ರಾನ್ಸಿಸ್ಟರಿನ ಸೆಲ್ಲುಗಳನ್ನು ಬಿಸಿಲಿಗಿಟ್ಟು ಧಾರವಾಡ ಆಕಾಶವಾಣಿ ಕೇಳಿದವರು ನಾವು.

ಝೆರಾಕ್ಸ್ ಅಂಗಡಿ: ಕೇಳಿದ್ದು ಎಷ್ಟು ಹೊತ್ತು ಸರ್? ಪ್ರದೇಶ ಸಮಾಚಾರ ಮುಗಿಯುವವರೆಗಾದರೂ ಬಂತೇ?

ಶಿಕ್ಷಕ: ಹಿರಿಯರೊಡನೆ ಮಾತನಾಡುವ ರೀತಿ ಇದಲ್ಲ.

ರಿಪೇರಿಯವರು: ಅದು ಸತು-ಇಂಗಾಲದ ಸೆಲ್ಲು, ಬಿಸಿಯಾದರೆ ಸ್ವಲ್ಪ ಹೊತ್ತು ಚುರುಕಾಗುತ್ತದೆ. ಇದು ಲಿಥಿಯಂ. ಬಿಸಿಲಿಗೆ, ಒಲೆಗೆ, ಚಾರ್ಜರಿಗೆ ಯಾವುದಕ್ಕೂ ಒಡ್ಡಬಾರದು. ಇಲ್ಲಿಗೆ ಬಿಡಿ.

ಗದಗಿನ ಸದಸ್ಯ: ಅಂಗಡಿಯವನು 2032ರ ಬದಲು 2025 ಎಂಬ ಸೆಲ್ಲು ಕೊಟ್ಟ. ಕಾಗದ ಮಡಚಿ ಕೆಳಗಿಟ್ಟರೆ ನಡೆಯುತ್ತದೆ ಎಂದ.

ರಿಪೇರಿಯವರು: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. 2025ರ ದಪ್ಪ 2.5. ಕಾಗದದಲ್ಲಿ ಕರೆಂಟ್ ಹರಿಯುವುದಿಲ್ಲ. ಹೋಗಿ ಬದಲಿಸಿಕೊಳ್ಳಿ.

ಕೇಶ್ವಾಪುರದ ಅಜ್ಜಿ: ಸೆಲ್ಲು ಬದಲಿಸಿದೆವಪ್ಪ, ಗಡಿಯಾರ ಸರಿಯಾಯಿತು. ಹಳೆಯವು ಎರಡು ಮೇಜಿನ ಮೇಲಿದ್ದವು, ಮೊಮ್ಮಗ ಆಡಲು ತೆಗೆದುಕೊಂಡಿದ್ದಾನೆ. ಸತ್ತ ಸೆಲ್ಲಲ್ಲವೇ, ಏನೂ ಆಗುವುದಿಲ್ಲ ತಾನೇ?

ರಿಪೇರಿಯವರು: ಅಮ್ಮಾ, ಈಗಲೇ ಕಿತ್ತುಕೊಳ್ಳಿ. ಎರಡೂ ಕೈಗೆ ಬಂದವೇ ಎಣಿಸಿ. ಕಂಪ್ಯೂಟರಿಗೆ ಸಾಲದ ಸೆಲ್ಲು ಮಗುವಿನ ಅನ್ನನಾಳ ಸುಡುವುದಕ್ಕೆ ಸಾಕು. ಈ ಅಳತೆಯ ಬಿಲ್ಲೆ ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯವಾಗುತ್ತದೆ. ಮೊದಲು ಕೆಮ್ಮು, ಜೊಲ್ಲು ಅಷ್ಟೇ ಕಾಣಬಹುದು, ಅದೂ ಕಾಣದಿರಬಹುದು.

ಅಜ್ಜಿ: ಒಂದು ಸಿಕ್ಕಿತು.

ಶಿಕ್ಷಕ: ಬಿಸಿಲಿನ ವಿಷಯದಲ್ಲಿ ನನ್ನ ಅನುಭವವನ್ನು ಯಾರೂ ಪರಿಗಣಿಸಲಿಲ್ಲ.

ರಿಪೇರಿಯವರು: ಸರ್, ಸುಮ್ಮನಿರಿ. ಅಮ್ಮಾ, ಇನ್ನೊಂದು ಕಣ್ಣಿಗೆ ಬೀಳದಿದ್ದರೆ ಹುಡುಕುತ್ತ ಕೂರಬೇಡಿ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರ ಹೋಗಿ, ಬಿಲ್ಲೆ ಸೆಲ್ಲು ಎಂದು ಬಾಗಿಲಲ್ಲೇ ಹೇಳಿ.

ಝೆರಾಕ್ಸ್ ಅಂಗಡಿ: ಸರ್, ಸೆಲ್ಲು ಬದಲಿಸಿದರೆ ವಿಂಡೋಸ್ ಹೋಗುತ್ತದೆಯೇ?

ಅಜ್ಜಿ: ಸಿಕ್ಕಿತಪ್ಪ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಕಿದ್ದ. ನನ್ನ ಕೈ ಇನ್ನೂ ನಡುಗುತ್ತಿದೆ.

ರಿಪೇರಿಯವರು: ನನ್ನದೂ. ಎರಡಕ್ಕೂ ಟೇಪು ಸುತ್ತಿ ಎತ್ತರದಲ್ಲಿಡಿ, ಹುಬ್ಬಳ್ಳಿ ಪೇಟೆಗೆ ಬಂದಾಗ ನನಗೆ ಕೊಡಿ.

ಬೆಟಗೇರಿಯ ನೇಕಾರರ ಮನೆ: ಅಣ್ಣಾವರೇ, ಚೀಟಿ ಅರ್ಧ ಹರಿದಿದೆ. ಹೆಡ್ 16, ಸೆಕ್ಟರ್ 63 ಎಂದು ಕಾಣುತ್ತದೆ. ಸಿಲಿಂಡರಿನ ಸಂಖ್ಯೆ ಹೋಗಿದೆ.

ರಿಪೇರಿಯವರು: ಡಿಸ್ಕಿನ ಮಾದರಿ ಸಂಖ್ಯೆ ಉಳಿದಿದ್ದರೆ ಅದನ್ನು ಬರೆದು ಕಳಿಸಿ.