ಸುಂಕವಿಲ್ಲದಿದ್ದರೂ ಬ್ರಿಟನ್ನಿನ ರಫ್ತಿಗೆ ತೊಡಕೇಕೆ?

ಪ್ರಶ್ನೆ:
ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟವನ್ನು ತೊರೆಯಿತು. ಆ ವರ್ಷದ ಕೊನೆಗೆ ಅದರ ಏಕ ಮಾರುಕಟ್ಟೆಯಿಂದಲೂ (ಸರಕು, ಸೇವೆ, ಹಣ, ಜನ ಒಂದೇ ನಿಯಮಗಳಡಿ ಮುಕ್ತವಾಗಿ ಓಡಾಡುವ ವ್ಯವಸ್ಥೆ) ಸುಂಕ ಒಕ್ಕೂಟದಿಂದಲೂ (ಒಳಗೆ ಸುಂಕವಿಲ್ಲದೆ, ಹೊರಗಿನ ಸರಕಿಗೆ ಒಂದೇ ಸುಂಕ ವಿಧಿಸುವ ಏರ್ಪಾಡು) ಹೊರಬಂದಿತು. ಆದರೆ ಡಿಸೆಂಬರ್ 24ರಂದು ಕುದುರಿದ ಒಪ್ಪಂದದಂತೆ ಸರಕುಗಳಿಗೆ ಸುಂಕವೂ ಇಲ್ಲ, ಪ್ರಮಾಣದ ಮಿತಿಯೂ ಇಲ್ಲ. ಹೀಗಿರುವಾಗ ಉಳಿದ ನಂಟು ತೀರಾ ತೆಳುವಾದುದು ಎಂದು ಹೇಳುವುದೇಕೆ?

ಉತ್ತರ 1:
ಸುಂಕದ ವಿನಾಯಿತಿ ತಾನಾಗಿಯೇ ಸಿಗುವುದಿಲ್ಲ. ಸರಕು ಬ್ರಿಟನ್ನಿನಲ್ಲಿಯೇ ತಯಾರಾದುದೆಂದು, ಅಥವಾ ಅದರ ಸಾಕಷ್ಟು ಪಾಲು ಅಲ್ಲಿಯದೆಂದು ರುಜುವಾತು ಮಾಡಬೇಕು. ಚೀನಾದಿಂದ ಅಂಗಿ ತರಿಸಿಕೊಂಡ ಲಂಡನ್ನಿನ ವ್ಯಾಪಾರಿ ಅದನ್ನು ಹಾಗೆಯೇ ಪ್ಯಾರಿಸ್ಸಿಗೆ ಮಾರಿದರೆ, ಬ್ರಿಟನ್ನಿನಲ್ಲಿ ಒಮ್ಮೆ ಸುಂಕ ತೆತ್ತಿದ್ದರೂ ಫ್ರಾನ್ಸಿನಲ್ಲಿ ಮತ್ತೊಮ್ಮೆ ತೆರಬೇಕಾಗುತ್ತದೆ. ಮಾಂಸ, ಮೀನು, ಹಾಲಿನ ಉತ್ಪನ್ನಗಳ ಪಾಡು ಇನ್ನೂ ಕಠಿಣ: ಆರೋಗ್ಯ ಪ್ರಮಾಣಪತ್ರವಿಲ್ಲದೆ ಅವು ಗಡಿ ದಾಟುವಂತಿಲ್ಲ. ಶುದ್ಧೀಕರಿಸದ ಕೆಲವು ಬಗೆಯ ಜೀವಂತ ಚಿಪ್ಪುಮೀನುಗಳಿಗಂತೂ 2021ರಿಂದ ಒಕ್ಕೂಟದ ಬಾಗಿಲೇ ಮುಚ್ಚಿತು. ದೊಡ್ಡ ಕಂಪನಿ ಈ ಕಾಗದಪತ್ರಗಳಿಗೆಂದೇ ಸಿಬ್ಬಂದಿಯನ್ನು ಇಟ್ಟುಕೊಳ್ಳಬಲ್ಲದು, ಆದರೆ ವಾರಕ್ಕೆ ನಾಲ್ಕಾರು ಪೆಟ್ಟಿಗೆ ಕಳುಹಿಸುವವನಿಗೆ ಅದರ ಖರ್ಚೇ ಲಾಭವನ್ನು ನುಂಗಿಬಿಡುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆಯಾದರೂ ಸೇವೆಗಳ ಮಾತು ಅದರಲ್ಲಿ ಬಂದಿಲ್ಲ. ಬ್ರಿಟನ್ನಿನ ಆರ್ಥಿಕತೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸೇವೆಗಳದೇ, ಒಪ್ಪಂದವು ಅತ್ಯಂತ ಕಡಿಮೆ ಮುಟ್ಟಿರುವುದೂ ಅವನ್ನೇ. ಲಂಡನ್ನಿನಲ್ಲಿ ಪಡೆದ ಪರವಾನಗಿಯಿಂದಲೇ ಒಕ್ಕೂಟದ ಎಲ್ಲ ದೇಶಗಳಲ್ಲಿ ವ್ಯವಹರಿಸುವ ಹಕ್ಕು ಬ್ಯಾಂಕುಗಳ ಕೈತಪ್ಪಿತು. ನಾರ್ವೆ ಒಕ್ಕೂಟದ ಸದಸ್ಯನಲ್ಲದಿದ್ದರೂ ಏಕ ಮಾರುಕಟ್ಟೆಯೊಳಗಿದೆ. ಅದಕ್ಕೆ ಪ್ರತಿಯಾಗಿ ಅಲ್ಲಿನ ನಿಯಮಗಳನ್ನು ಪಾಲಿಸುತ್ತದೆ, ಹಣ ಕೊಡುತ್ತದೆ, ಜನರ ಮುಕ್ತ ಸಂಚಾರಕ್ಕೂ ಒಪ್ಪಿದೆ. ಏಕ ಮಾರುಕಟ್ಟೆಯಲ್ಲಿ ಉಳಿಯುವುದಿಲ್ಲವೆಂದು ಆಗಿನ ಪ್ರಧಾನಿ ಥೆರೆಸಾ ಮೇ 2017ರ ಜನವರಿಯಲ್ಲಿಯೇ ಘೋಷಿಸಿದ್ದರು. ಆದ್ದರಿಂದ ನಂಟು ತೆಳುವಾದದ್ದು ಆಕಸ್ಮಿಕವಲ್ಲ, ಬ್ರಿಟನ್ ತಾನಾಗಿ ಆರಿಸಿಕೊಂಡದ್ದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಪ್ಪಂದವೇ ಆಗದಿದ್ದರೆ ಏನಾಗುತ್ತಿತ್ತು?

ಉತ್ತರ 1:
ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ನಿಯಮಗಳು ಜಾರಿಗೆ ಬಂದು, ಕಾರುಗಳ ಮೇಲೆಯೇ ಒಕ್ಕೂಟದ 10% ಸುಂಕ ಬೀಳುತ್ತಿತ್ತು. ನಾನು ಹೇಳಿದ ತಪಾಸಣೆಗಳು ಆಗಲೂ ಇರುತ್ತಿದ್ದವು.

ಉತ್ತರ 3:
ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಬೇಕು. 1998ರ ಶಾಂತಿ ಒಪ್ಪಂದದ ಬಳಿಕ ಐರ್ಲೆಂಡ್ ದ್ವೀಪದೊಳಗೆ, ಅಂದರೆ ಉತ್ತರ ಐರ್ಲೆಂಡಿಗೂ ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ, ಮತ್ತೆ ಗಡಿಗೇಟು ಏಳುವುದನ್ನು ಯಾರೂ ಬಯಸಲಿಲ್ಲವಾದ್ದರಿಂದ, ಸರಕುಗಳ ಮಟ್ಟಿಗೆ ಆ ಪ್ರದೇಶ ಒಕ್ಕೂಟದ ನಿಯಮಗಳಲ್ಲಿಯೇ ಉಳಿಯಿತು. ಪರಿಣಾಮವಾಗಿ ತಪಾಸಣೆ ಐರಿಷ್ ಸಮುದ್ರಕ್ಕೆ, ಅಂದರೆ ಒಂದೇ ದೇಶದ ಎರಡು ಭಾಗಗಳ ನಡುವೆ ಬಂದು ಕೂತಿತು. ಬ್ರಿಟನ್ ಮತ್ತು ಒಕ್ಕೂಟದ ನಡುವಿನ 2023ರ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದವು ಉತ್ತರ ಐರ್ಲೆಂಡಿನಲ್ಲಿಯೇ ಉಳಿಯುವ ಸರಕಿಗೆ ತಪಾಸಣೆ ಕಡಿಮೆಯಿರುವ ಹಸಿರು ದಾರಿಯನ್ನು ತೆರೆದು ಆ ಹೊರೆಯನ್ನು ತಗ್ಗಿಸಿತೇ ಹೊರತು ಪೂರ್ತಿ ಇಳಿಸಲಿಲ್ಲ.