ಮಾಯಾ ದಿನಗಣನೆ: ಕಳೆದುಹೋದದ್ದು ಎಷ್ಟು, ಉಳಿದದ್ದು ಎಷ್ಟು?

ಪ್ರಶ್ನೆ:
ಗ್ವಾಟೆಮಾಲಾ ಮತ್ತು ಮೆಕ್ಸಿಕೋದ ಮೂಲನಿವಾಸಿ ಸಮುದಾಯಗಳು ತಮ್ಮ ಪ್ರಾಚೀನ ಕಾಲಗಣನೆಯನ್ನು ಮತ್ತೆ ಬಳಕೆಗೆ ತರುತ್ತಿವೆ ಎಂದು ಓದಿದೆ. 1562ರಲ್ಲಿ ಮೆಕ್ಸಿಕೋದ ಯುಕತಾನಿನ ಮಾನಿ ಎಂಬಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಹೊತ್ತಗೆಗಳನ್ನು ಸುಡಿಸಿದ್ದನಲ್ಲ. ಹಾಗಿರುವಾಗ ಇಂದು ಯಾವ ದಿನವೆಂದು ಇವರು ನಿಶ್ಚಯಿಸುವುದು ಹೇಗೆ?

ಮೊದಲ ಉತ್ತರ:
ಎಣಿಕೆ ಎಲ್ಲೆಡೆಯೂ ತಪ್ಪಿಹೋಗಿರಲಿಲ್ಲ. ಗ್ವಾಟೆಮಾಲಾದ ಎತ್ತರದ ನೆಲದಲ್ಲಿ ವಾಸಿಸುವ ಕಿಚೆ ಎಂಬ ಮಾಯಾ ಜನರಲ್ಲಿ 260 ದಿನಗಳ ಚೋಲ್‌ಕಿಹ್ ಎಂಬ ಗಣನೆ ಇಂದಿಗೂ ನಡೆದುಬಂದಿದೆ. ಒಂದರಿಂದ 13ರವರೆಗಿನ ಅಂಕಿಗಳೂ 20 ದಿನಗಳ ಹೆಸರುಗಳೂ ಜೊತೆಜೊತೆಯಾಗಿ ಸಾಗುತ್ತವೆ. ಅದೇ ಅಂಕಿ ಅದೇ ಹೆಸರಿನೊಡನೆ ಮತ್ತೆ ಕೂಡಲು 260 ದಿನಗಳೇ ಬೇಕು. ಹೀಗೆ ಎಣಿಸುವುದಕ್ಕೆ ಹೊತ್ತಗೆ ಬೇಕಿಲ್ಲ, ಒಂದು ದಿನವನ್ನೂ ಬಿಡದ ನೆನಪು ಸಾಕು. ಆ ನೆನಪನ್ನು ಹೊತ್ತವರು ಅಹ್‌ಕಿಹ್ ಎನಿಸಿಕೊಳ್ಳುವ ದಿನಪಾಲಕರು. ಮೊಮೊಸ್ತೆನಾಂಗೊ ಎಂಬ ಕಿಚೆ ಊರಿನಲ್ಲಿ ‘ಎಂಟು ಬಾಟ್ಸ್’ (ಬಾಟ್ಸ್ ಆ 20 ಹೆಸರುಗಳಲ್ಲೊಂದು) ಎಂಬ ದಿನದಂದು ಹೊಸ ದಿನಪಾಲಕರಿಗೆ ದೀಕ್ಷೆ ನೀಡುತ್ತಾರೆ. ಆದ್ದರಿಂದ ಇದನ್ನು ಪುನರುಜ್ಜೀವನ ಎನ್ನುವುದಕ್ಕಿಂತ, ಮರೆಯಲ್ಲಿದ್ದುದು ಬಯಲಿಗೆ ಬಂದಿತೆನ್ನುವುದು ಹೆಚ್ಚು ಸರಿ. 1960ರಿಂದ 1996ರವರೆಗಿನ ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ ಅತ್ಯಂತ ಹೆಚ್ಚು ಸಾವುನೋವು ಕಂಡವರು ಮಾಯಾ ಜನರೇ. ಅವರ ಆಧ್ಯಾತ್ಮಿಕತೆಗೆ ಮಾನ್ಯತೆ ನೀಡಿದ ಒಪ್ಪಂದಕ್ಕೆ ಸಹಿ ಬಿದ್ದದ್ದು 1995ರಲ್ಲಿ.

ಎರಡನೆಯ ಉತ್ತರ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕಳೆದುಹೋದದ್ದೂ ಇದೆ. ಶಿಲಾಶಾಸನಗಳಲ್ಲಿ ಕಾಣುವ, ಒಂದು ಆದಿದಿನದಿಂದ ಕಳೆದ ದಿನಗಳನ್ನೆಲ್ಲ ಎಣಿಸುವ ‘ದೀರ್ಘ ಗಣನೆ’ಯನ್ನು ಮಾಯಾ ಜನರು ಸ್ಪೇನಿನವರ ಆಗಮನಕ್ಕೆ ಬಹಳ ಮುನ್ನವೇ ಕೈಬಿಟ್ಟಿದ್ದರು. ಅದನ್ನು ನಮ್ಮ ತಾರೀಖುಗಳಿಗೆ ಹೊಂದಿಸಿದವರು ವಿದ್ವಾಂಸರು. ಅವರಲ್ಲಿ ಹೆಚ್ಚಿನವರು ಒಪ್ಪುವ ಲೆಕ್ಕದಂತೆ, ಆ ಗಣನೆಯ ಮಹಾಚಕ್ರವೊಂದು 2012ರ ಡಿಸೆಂಬರ್ 21ರಂದು ತುಂಬಿತು, ಅಂದಿನ ದಿನ ‘ನಾಲ್ಕು ಅಹೌ’. ಕಿಚೆ ದಿನಪಾಲಕರ ಎಣಿಕೆಯಲ್ಲಿಯೂ ಅದು ‘ನಾಲ್ಕು ಅಹ್‌ಪು’ ಆಗಿತ್ತು. ಎರಡೂ ಒಂದೇ ದಿನದ ಹೆಸರುಗಳು. ಕಲ್ಲಿನ ಮೇಲಿನ ಲೆಕ್ಕವೂ ಹಳ್ಳಿಯವರ ಬಾಯಿಲೆಕ್ಕವೂ ಹೀಗೆ ಕೂಡಿಬಂದುದನ್ನು ಮೊದಲ ಬಾರಿಗೆ ತಿಳಿದಾಗ ನನಗೆ ಮೈ ನವಿರೆದ್ದಿತ್ತು.

ಪ್ರಶ್ನೆ ಕೇಳಿದವರು:
ವಿವರಣೆಗೆ ಧನ್ಯವಾದಗಳು. ಎಣಿಕೆ ನಿಜವಾಗಿಯೂ ಕಡಿದುಹೋದ ಕಡೆ ಏನು ಮಾಡುತ್ತಾರೆ?

ಮೂರನೆಯ ಉತ್ತರ:
ಮಧ್ಯ ಮೆಕ್ಸಿಕೋದ ನಹುವಾ ಜನರ (ಅಜ್ಟೆಕರೂ ಇವರಲ್ಲಿ ಸೇರಿದವರು) ಗಣನೆಗೆ ಒಂದು ಗಟ್ಟಿ ಆಧಾರವಿದೆ: ಅಜ್ಟೆಕರ ರಾಜಧಾನಿ ತೆನೊಚ್ಟಿಟ್ಲಾನ್ ಸ್ಪೇನಿನವರ ಕೈಗೆ ಸಿಕ್ಕಿ ಪತನವಾದ 1521ರ ಆಗಸ್ಟ್ 13 ಅವರ ಲೆಕ್ಕದಲ್ಲಿ ‘ಮೂರು ಮನೆ’ ವರ್ಷದ ‘ಒಂದು ಸರ್ಪ’ ದಿನವೆಂದು ದಾಖಲಾಗಿದೆ. ಅಲ್ಲಿಂದ ಮುಂದಕ್ಕೆ ಎಣಿಸಬಹುದು. ಆದರೆ ವರ್ಷ ಯಾವ ದಿನ ಆರಂಭವಾಗುತ್ತದೆ, ಅಧಿಕ ದಿನವನ್ನು ಸೇರಿಸುತ್ತಿದ್ದರೇ ಎಂಬ ವಾದಗಳು ಇನ್ನೂ ಮುಗಿದಿಲ್ಲ. ಮೆಕ್ಸಿಕೋದ ಮಿಚೊವಾಕಾನ್ ರಾಜ್ಯದ ಪುರೆಪೆಚಾ ಜನರು ಇಂಥ ವಾದಗಳು ತೀರುವವರೆಗೆ ಕಾಯಲಿಲ್ಲ. ಅವರು 1983ರಲ್ಲಿ ಹೊಸ ಬೆಂಕಿಯ ಹಬ್ಬವನ್ನು ಮತ್ತೆ ಆರಂಭಿಸಿದರು, ಫೆಬ್ರವರಿ ಮೊದಲ ದಿನಗಳಲ್ಲಿ ಹೊಸ ವರ್ಷವನ್ನು ಆಚರಿಸುತ್ತಾರೆ, ಪ್ರತಿ ವರ್ಷ ಬೇರೊಂದು ಊರು ಆ ಬೆಂಕಿಯನ್ನು ಬರಮಾಡಿಕೊಳ್ಳುತ್ತದೆ.