ಟಿವಿ ಆಪ್ಟಿಕಲ್‌ನಿಂದ ಹಳೇ ಆಂಪ್ಲಿಫೈಯರ್‌ಗೆ: ಸಿನಿಮಾ ಹಾಕಿದರೆ ಸದ್ದಿಲ್ಲ, ಸದಾ ಗುಂಯ್ ಶಬ್ದ

ಪ್ರಶ್ನೆ:
ಸ್ಮಾರ್ಟ್ ಟಿವಿಯ ಆಪ್ಟಿಕಲ್ ಔಟ್‌ನಿಂದ ಚಿಕ್ಕದೊಂದು ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ ಡಬ್ಬಿ), ಅಲ್ಲಿಂದ ಆರ್‌ಸಿಎ (ಕೆಂಪು-ಬಿಳಿ ಪ್ಲಗ್‌ನ) ಕೇಬಲ್‌ನಲ್ಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ನ ಆಕ್ಸ್ ಇನ್‌ಪುಟ್‌ಗೆ. ಡ್ಯಾಕ್‌ಗೆ ಕರೆಂಟು ಟಿವಿಯ ಯುಎಸ್‌ಬಿಯಿಂದ. ಚಾನೆಲ್‌ಗಳು ಚೆನ್ನಾಗಿ ಕೇಳುತ್ತವೆ. ಆ್ಯಪ್‌ನಲ್ಲಿ ಸಿನಿಮಾ ಹಾಕಿದರೆ ಮಾತ್ರ ಪೂರ್ತಿ ಮೌನ, ಒಮ್ಮೊಮ್ಮೆ ಚರಚರ ಸದ್ದು. ಟಿವಿ ಆನ್ ಇರುವಷ್ಟು ಹೊತ್ತೂ ಹಿಂದೆ ಗುಂಯ್ ಅನ್ನುತ್ತಿರುತ್ತದೆ. ಡ್ಯಾಕ್ ಕೆಟ್ಟಿದೆಯೇ?

ಉತ್ತರ 1:
ಕೆಟ್ಟಿಲ್ಲ ಸರ್. ಚಾನೆಲ್ ಕೇಳುತ್ತಿದೆ ಅಂದರೆ ಕೇಬಲ್ಲೂ ಸರಿ, ಡ್ಯಾಕೂ ಸರಿ. ಸಿನಿಮಾದ ಧ್ವನಿಯನ್ನು ಟಿವಿ ಡಾಲ್ಬಿ ಡಿಜಿಟಲ್ 5.1 (ಆರು ಸ್ಪೀಕರ್‌ಗಳಿಗೆಂದು ಸಂಕುಚಿಸಿದ) ರೂಪದಲ್ಲೇ ಹೊರಗೆ ತಳ್ಳುತ್ತಿದೆ. ಇಂಥ ಡ್ಯಾಕ್‌ಗೆ ಎಡ-ಬಲ ಎರಡೇ ಚಾನೆಲ್‌ನ ಪಿಸಿಎಂ (ಸಂಕುಚಿಸದ ಸಾದಾ ಡಿಜಿಟಲ್ ಧ್ವನಿ) ಬಿಟ್ಟರೆ ಬೇರೇನೂ ಅರ್ಥವಾಗದು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಡಿಜಿಟಲ್ ಔಟ್‌ಪುಟ್’ ಹುಡುಕಿ, ‘ಆಟೋ’ ಅಥವಾ ‘ಪಾಸ್‌ಥ್ರೂ’ ಇದ್ದರೆ ‘ಪಿಸಿಎಂ’ ಮಾಡಿ. 5.1 ಅನ್ನು ಸ್ಟೀರಿಯೋಗೆ ಇಳಿಸುವ ಕೆಲಸ ಆಗ ಟಿವಿಯದ್ದೇ. ಆ್ಯಪ್‌ನ ಒಳಗೂ ಆಡಿಯೋ ಆಯ್ಕೆ ಇದ್ದರೆ ಸ್ಟೀರಿಯೋ ಇಡಿ.

ಉತ್ತರ 2:
ಗುಂಯ್ ಶಬ್ದಕ್ಕೆ ಕಾರಣ ಆ ಯುಎಸ್‌ಬಿ ವೈರು. ಆಪ್ಟಿಕಲ್ ಕೇಬಲ್‌ನಲ್ಲಿ ಹರಿಯುವುದು ಬರೀ ಕೆಂಪು ಬೆಳಕು. ಟಿವಿಗೂ ಆಂಪ್ಲಿಫೈಯರ್‌ಗೂ ವಿದ್ಯುತ್ ಸಂಬಂಧವೇ ಇರಬಾರದು, ಆಪ್ಟಿಕಲ್ ಬಳಸುವ ದೊಡ್ಡ ಲಾಭವೇ ಅದು. ಟಿವಿಯಿಂದಲೇ ಡ್ಯಾಕ್‌ಗೆ ಕರೆಂಟು ಕೊಟ್ಟಾಗ ಯುಎಸ್‌ಬಿಯ ಗ್ರೌಂಡ್ ಆ ಸಂಬಂಧವನ್ನು ಮತ್ತೆ ಬೆಸೆಯುತ್ತದೆ. ಕೇಬಲ್ ಟಿವಿ ವೈರಿನ ಹೊರಗಿನ ಲೋಹದ ಜಾಲರಿ, ಟಿವಿ, ಡ್ಯಾಕ್, ಆಂಪ್ಲಿಫೈಯರ್, ಮನೆಯ ಅರ್ಥಿಂಗ್: ಹೀಗೆ ಒಂದು ಸುತ್ತು ಆಗಿ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಒಳಗೆ ಬರುತ್ತದೆ.

ಖಾತ್ರಿ ಮಾಡಿಕೊಳ್ಳಲು ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ವೈರನ್ನು ಬಿಚ್ಚಿ ನೋಡಿ. ಗುಂಯ್ ನಿಂತರೆ ಇದೇ ಕಾರಣ. ಪರಿಹಾರ ಸುಲಭ: ಡ್ಯಾಕ್‌ಗೆ ಬೇರೆ 5 ವೋಲ್ಟ್, 1 ಆಂಪಿಯರ್ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಕಿ. ತೀರಾ ಅಗ್ಗದ್ದು ಬೇಡ, ಅದರದ್ದೇ ಕಿರಿಕಿರಿ ಸೇರಿಕೊಳ್ಳುತ್ತದೆ. ಗುಂಯ್ ನಿಲ್ಲಿಸಲು ಆಂಪ್ಲಿಫೈಯರ್‌ನ ಅರ್ಥ್ ಪಿನ್ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಶಾಕ್ ಹೊಡೆದು ಜೀವ ಹೋಗಬಹುದು.

ಮರುಪ್ರಶ್ನೆ:
ಎರಡೂ ಸರಿಹೋಯಿತು, ತುಂಬಾ ಧನ್ಯವಾದ. ಈಗ ವಾಲ್ಯೂಮ್ ಗುಂಡಿ ಚೂರು ತಿರುಗಿಸಿದರೂ ಕಿವಿಗಡಚಿಕ್ಕುತ್ತದೆ. ಟಿವಿ ರಿಮೋಟ್ ಕೆಲಸ ಮಾಡುತ್ತಿಲ್ಲ.

ಉತ್ತರ 2:
ಆಪ್ಟಿಕಲ್ ಔಟ್‌ನ ಮಟ್ಟ ಬಹುತೇಕ ಟಿವಿಗಳಲ್ಲಿ ಸ್ಥಿರ, ರಿಮೋಟ್‌ಗೆ ಬಗ್ಗುವುದಿಲ್ಲ. ಡ್ಯಾಕ್ ಸಾಮಾನ್ಯವಾಗಿ ಗರಿಷ್ಠ 2 ವೋಲ್ಟ್ ಕೊಡುತ್ತದೆ. ಹಳೇ ಆಂಪ್ಲಿಫೈಯರ್‌ನ ಆಕ್ಸ್‌ಗೆ 150 ರಿಂದ 200 ಮಿಲಿವೋಲ್ಟ್ ಸಿಕ್ಕರೆ ಪೂರ್ತಿ ಪವರ್ ಬರುತ್ತದೆ. ಆ ಹೆಚ್ಚಿನ ಮಟ್ಟ ತಗ್ಗಿಸಲು ಆಂಪ್ಲಿಫೈಯರ್ ಕಡೆಯ ಆರ್‌ಸಿಎ ಪ್ಲಗ್‌ನೊಳಗೆ ಎಡ-ಬಲ ಪ್ರತಿ ಚಾನೆಲ್‌ಗೆ ಎರಡು ರೆಸಿಸ್ಟರ್ ಬೆಸುಗೆ ಹಾಕಿ: ಸಿಗ್ನಲ್ ವೈರಿಗೂ ನಡುವಿನ ಪಿನ್ನಿಗೂ ಮಧ್ಯೆ 10ಕೆ (10 ಕಿಲೋಓಮ್, ಪಟ್ಟಿಗಳ ಬಣ್ಣ ಕಂದು-ಕಪ್ಪು-ಕಿತ್ತಳೆ), ನಡುವಿನ ಪಿನ್ನಿನಿಂದ ಗ್ರೌಂಡ್‌ಗೆ 4.7ಕೆ (ಹಳದಿ-ನೇರಳೆ-ಕೆಂಪು). ಸುಮಾರು 10 ಡಿಬಿ (ಡೆಸಿಬೆಲ್) ಇಳಿಯುತ್ತದೆ, ಗುಂಡಿ ನಯವಾಗಿ ತಿರುಗಿಸಬಹುದು. ರೆಸಿಸ್ಟರ್‌ಗಳ ಕಾಲುಗಳು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಸ್ಲೀವ್ ಹಾಕಿ.

ಇನ್ನೊಬ್ಬರ ಪ್ರಶ್ನೆ:
ನನ್ನ ಆಂಪ್ಲಿಫೈಯರ್‌ನಲ್ಲಿ ಆರ್‌ಸಿಎ ಇಲ್ಲ, ಟೇಪ್ ಅಂತ ಬರೆದ 5 ಪಿನ್ನಿನ ಡಿನ್ (ಹಳೇ ಕಾಲದ ದುಂಡನೆಯ) ಸಾಕೆಟ್ ಇದೆ. ಫೋನೋ ಮಾತ್ರ ಆರ್‌ಸಿಎ. ಅದಕ್ಕೇ ಕೊಡಲೇ?

ಉತ್ತರ 1:
ಫೋನೋ ಬೇಡವೇ ಬೇಡ. ಅದು ಗ್ರಾಮಫೋನ್ ಪಿಕಪ್‌ನ ಕೆಲವೇ ಮಿಲಿವೋಲ್ಟ್‌ಗೆ ಮಾಡಿದ್ದು, ಧ್ವನಿ ಒಡೆದು ಬಾಸ್ ಉಬ್ಬಿಕೊಳ್ಳುತ್ತದೆ. ಡಿನ್‌ನಲ್ಲಿ 3ನೇ ಪಿನ್ ಎಡ, 5ನೇದು ಬಲ, 2ನೇದು ಗ್ರೌಂಡ್. 1 ಮತ್ತು 4 ರೆಕಾರ್ಡಿಂಗ್‌ಗೆ ಹೊರಹೋಗುವ ಸಿಗ್ನಲ್, ಅವನ್ನು ಖಾಲಿ ಬಿಡಿ. ಪಿನ್‌ಗಳು ಸಾಲಾಗಿ 1, 4, 2, 5, 3 ಎಂದು ಇರುತ್ತವೆ, ಬೆಸುಗೆಗೆ ಮೊದಲು ಪ್ಲಗ್ ಮೇಲಿನ ಸಣ್ಣ ಅಂಕಿಗಳನ್ನು ನೋಡಿಕೊಳ್ಳಿ.